ಕೌದಿ ಗೋಡೆಗೇರಿದರೆ ಸಾಕೇ?

ಸವಣೂರಿಗೆ ಬಂದ ನೆಂಟರಿಗೆ ನಾವು ತಪ್ಪದೆ ದೊಡ್ಡ ಹುಣಸೆ ಮರಗಳನ್ನು ತೋರಿಸುತ್ತೇವೆ. ಅವು ಆಫ್ರಿಕಾ ಮೂಲದವು. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಒಳ್ಳೆಯ ಕೆಲಸ. ಆದರೆ ಅದೇ ಆಫ್ರಿಕಾದಿಂದ ಬಂದ ಮನುಷ್ಯರನ್ನು ನಾವು ಹೇಗೆ ಗೌರವಿಸಿದ್ದೇವೆ?

ಹಾನಗಲ್, ಶಿಗ್ಗಾಂವಿಗೆ ಹೊಂದಿಕೊಂಡ ಮುಂಡಗೋಡಿನಲ್ಲಿ, ಅದರಾಚೆ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳು ಬದುಕುತ್ತಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದಿದ್ದರು.

ಕಲೆ ಈ ಜನರನ್ನು ಪೂರ್ತಿ ಮರೆತಿತ್ತೆನ್ನಲಾಗದು. ಬಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಹಿಂದೆ, ಅದೇ ಆನೆಯ ಮೇಲೆ, ಹಬ್ಶಿ ಮಂತ್ರಿ ಇಖ್ಲಾಸ್ ಖಾನ್ ಕುಳಿತಿರುವ ಪ್ರಸಿದ್ಧ ಚಿತ್ರವಿದೆ. ಅದನ್ನು ಬರೆದ ಹೈದರ್ ಅಲಿ, ಇಬ್ರಾಹಿಂ ಖಾನರ ಹೆಸರುಗಳೂ ಉಳಿದಿವೆ. ಆದರೆ ಆನೆ ಏರಿದವರಿಗೆ ಚಿತ್ರ ಸಿಕ್ಕಿತು, ಕಾಡು ಸೇರಿದವರಿಗೆ ಸಿಗಲಿಲ್ಲ.

ಅವರ ದಾಖಲೆಯನ್ನು ಅವರ ಹೆಂಗಸರೇ ಹೊಲಿದರು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತ ನಡುವಿಗೆ ಬರುವ ಕೌದಿ ಅದು. ಅವರು ಅದನ್ನು ಕವಂದಿ ಎನ್ನುತ್ತಾರೆ. ಮೂಲೆಗಳಲ್ಲಿ ‘ಫೂಲ್’ ಇಲ್ಲದಿದ್ದರೆ ಅದು ಮುಗಿದಂತಲ್ಲ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ಈ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನಗೊಂಡವು. ಮಗುವಿಗೆ ಹೊದಿಸಿದ ಬಟ್ಟೆ ಗೋಡೆಯ ಮೇಲೆ ಬರೀ ಬಣ್ಣದ ಚಿತ್ರವಾಗಿಬಿಡುವ ಅಪಾಯ ಇದ್ದೇ ಇದೆ. ಆದರೂ ಹೊಲಿದವಳನ್ನು ಕಲಾವಿದೆ ಎಂದು ಲೋಕ ಕರೆಯುವುದು ಸಣ್ಣ ಲಾಭವಲ್ಲ.

ಆದರೆ ಗೌರವ ಗೋಡೆಯಲ್ಲೇ ಮುಗಿಯಬಾರದು. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರ ಕೌದಿಗಳು 2002ರಲ್ಲಿ ಹ್ಯೂಸ್ಟನ್ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡು ಲೋಕಪ್ರಸಿದ್ಧವಾದವು. 2007ರಲ್ಲಿ ಅವರಲ್ಲೇ ಕೆಲವರು ತಮ್ಮ ಹಕ್ಕಿನ ಪಾಲಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮರುವರ್ಷ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಚಪ್ಪಾಳೆ ಬೇರೆ, ನ್ಯಾಯ ಬೇರೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೇ?

ನಮ್ಮ ಉತ್ಸವಗಳಲ್ಲಿ ಸಿದ್ದಿಗಳು ಡಮಾಮಿ ಬಾರಿಸಿ ಕುಣಿದು ಹೋಗುತ್ತಾರೆ. ಅವರ ಮಾತು ಕೇಳುವ ವ್ಯವಧಾನ ನಮಗಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಉತ್ಸವ ರಾಕ್ ಗಾರ್ಡನ್ ಇದೆ. ಕವಂದಿಗೆ ಇದಕ್ಕಿಂತ ಹತ್ತಿರದ ಮನೆ ಯಾವುದು? ಆದರೆ ‘ಸಿದ್ದಿ ಮಹಿಳೆ’ ಎಂಬ ಚೀಟಿ ಸಾಲದು. ಹೊಲಿದವಳ ಹೆಸರಿರಲಿ, ಅವಳ ಮಾತಿರಲಿ, ನ್ಯಾಯವಾದ ಬೆಲೆಯಿರಲಿ. ಏನು ಇಡಬೇಕೆಂದು ಆರಿಸುವವರಲ್ಲಿ ಅವಳೂ ಇರಲಿ.

ಇನ್ನೊಂದು ಮಾತು ನಮ್ಮ ಮನೆಗಳಿಗೆ. ಹಜ್ರತ್ ಬಿಲಾಲರ ಅಜಾನಿನ ಕಥೆ ಹೇಳುವಾಗ ನಮ್ಮ ಕಣ್ಣು ತೇವವಾಗುತ್ತದೆ. ಅದೇ ನಾಲಿಗೆ ಕಪ್ಪು ಬಣ್ಣದ ಹುಡುಗನನ್ನು ‘ಹಬ್ಶಿ’ ಎಂದು ಹಂಗಿಸುತ್ತದೆ. ಈ ನಾಲಿಗೆಯನ್ನು ತಿದ್ದುವುದು ಯಾವ ಮ್ಯೂಸಿಯಂನ ಕೆಲಸವೂ ಅಲ್ಲ, ನಮ್ಮದು.