ಹುಟ್ಟು ನೀರಿನಿಂದ ಎದ್ದ ಮೇಲೆ

2016ರ ರಿಯೊ ಒಲಿಂಪಿಕ್ಸ್. ರೋಯಿಂಗ್‌ನ ಪುರುಷರ ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ನ್ಯೂಜಿಲೆಂಡ್‌ನ ಮಹೆ ಡ್ರೈಸ್‌ಡೇಲ್, ಕ್ರೊವೇಷ್ಯಾದ ಡಾಮಿರ್ ಮಾರ್ಟಿನ್ ಇಬ್ಬರೂ 2,000 ಮೀಟರ್ ಮುಗಿಸಿದ್ದು 6 ನಿಮಿಷ 41.34 ಸೆಕೆಂಡಿಗೆ. ದೋಣಿಯ ಮೂತಿಗೆ ಸಿಕ್ಕಿಸಿದ ಪುಟ್ಟ ರಬ್ಬರ್ ಚೆಂಡು ಯಾರದ್ದು ಮೊದಲು ಗೆರೆ ಮುಟ್ಟಿತು ಎಂದು ಫೋಟೊದಲ್ಲಿ ನೋಡಿ ಡ್ರೈಸ್‌ಡೇಲ್‌ಗೆ ಚಿನ್ನ ಕೊಟ್ಟರು. ಹೊಸಬರಿಗೆ ಇಂಥ ಕೊನೆಯ ಕ್ಷಣಗಳೇ ಮನಸ್ಸಿನಲ್ಲಿ ಉಳಿಯುತ್ತವೆ. ಪಳಗಿದ ಕಣ್ಣು ಮಾತ್ರ ಮೊದಲಿನಿಂದಲೂ ಬೇರೊಂದನ್ನು ಹಿಂಬಾಲಿಸುತ್ತದೆ: ಹುಟ್ಟು ನೀರಿನಿಂದ ಎದ್ದ ಮೇಲೆ, ಮತ್ತೆ ನೀರಿಗೆ ಇಳಿಯುವ ತನಕ ರೋವರ್ ಏನು ಮಾಡುತ್ತಾರೆ?

ಸ್ಕಲಿಂಗ್‌ನಲ್ಲಿ ಒಬ್ಬೊಬ್ಬರಿಗೂ ಎರಡೆರಡು ಹುಟ್ಟು, ಕೈಗೊಂದು. ಒಂದೇ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುವುದು ಸ್ವೀಪ್. ಒಬ್ಬರೇ ಕೂರುವ ಸ್ಪರ್ಧೆಯ ದೋಣಿ ಸುಮಾರು ಎಂಟು ಮೀಟರ್ ಉದ್ದ, ನೀರಿನ ಮಟ್ಟದಲ್ಲಿ ಹೆಚ್ಚುಕಡಿಮೆ ಒಂದಡಿ ಅಗಲ. ತೂಕ ಕನಿಷ್ಠ 14 ಕೆ.ಜಿ. ಇರಬೇಕೆಂಬುದು ನಿಯಮ. ಅದು ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ. ಹಗ್ಗದ ಮೇಲೆ ನಡೆಯುವ ದೊಂಬರಾಟದವನಿಗೆ ಕೈಯಲ್ಲಿರುವ ಗಳು ಹೇಗೋ, ಇಲ್ಲಿ ಹುಟ್ಟುಗಳು ಹಾಗೆ.

ಆದ್ದರಿಂದಲೇ ಕಲಿಯಲು ಬಂದವರಿಗೆ ಮೊದಲು ಹೇಳಿಕೊಡುವುದು ಏನೇ ಆದರೂ ಹುಟ್ಟಿನ ಹಿಡಿ ಬಿಡಬಾರದು ಎಂಬುದನ್ನು. ಆರಂಭದ ಅಭ್ಯಾಸಕ್ಕೆ ಅಗಲವಾದ, ಅಷ್ಟು ಸುಲಭವಾಗಿ ಮಗುಚದ ದೋಣಿ ಕೊಡುತ್ತಾರೆ. ಎಳೆಯುವಾಗ ಎರಡು ಹಿಡಿಗಳೂ ಹೊಟ್ಟೆಯ ಮುಂದೆ ಒಂದನ್ನೊಂದು ದಾಟುತ್ತವೆ. ಸಾಮಾನ್ಯವಾಗಿ ಎಡಗೈ ಮೇಲೆ, ಬಲಗೈ ಕೆಳಗೆ. ಕಲಿಕೆಯ ದಿನಗಳಲ್ಲಿ ಮೇಲಿನ ಕೈಯ ಉಗುರು ಕೆಳಗಿನ ಕೈಯ ಗೆಣ್ಣನ್ನು ತರಚಿ ರಕ್ತ ಬರಿಸುವುದುಂಟು. ಹುಟ್ಟಿನ ಅಲಗು ನೀರಿಗಿಳಿಯುವಾಗ ನೆಟ್ಟಗಿರಬೇಕು, ಗಾಳಿಯಲ್ಲಿ ಹಿಂದಿರುಗುವಾಗ ಮಲಗಿರಬೇಕು. ಆ ತಿರುವು ಬೆರಳುಗಳದು, ಮಣಿಕಟ್ಟಿನದಲ್ಲ. ಅಲಗು ಓರೆಯಾಗಿ ನೀರಿಗೆ ಹೊಕ್ಕರೆ ಅಲ್ಲೇ ಸಿಕ್ಕಿಕೊಂಡು ಹಿಡಿ ಎದೆಗೆ ಬಂದು ಬಡಿಯುತ್ತದೆ. ಇದನ್ನು ರೋವರ್‌ಗಳು ‘ಕ್ರ್ಯಾಬ್’ ಎನ್ನುತ್ತಾರೆ.

ಎಳೆಯುವಾಗ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತೋಳು. ಹಿಂದಿರುಗುವಾಗ ತೋಳು, ಬೆನ್ನು, ಕಾಲು. ಬಲವೆಲ್ಲ ತೋಳಿನದೆಂದು ಭಾವಿಸುವ ನೋಡುಗರು ಒಮ್ಮೆ ರೋವರ್‌ಗಳ ತೊಡೆಗಳನ್ನು ಗಮನಿಸಬೇಕು.

ಈ ಆಟದ ಸೊಗಸೆಲ್ಲ ಇರುವುದು ಆ ಹಿಂದಿರುಗುವಿಕೆಯಲ್ಲಿ. ರೋವರ್ ಗುರಿಗೆ ಬೆನ್ನು ಹಾಕಿ, ಗಾಲಿಗಳ ಮೇಲೆ ಜಾರುವ ಸೀಟಿನಲ್ಲಿ ಕೂತಿರುತ್ತಾರೆ. ದೋಣಿಗಿಂತ ಐದಾರು ಪಟ್ಟು ಭಾರವಿರುವ ಆ ದೇಹ ದೋಣಿಯ ಹಿಂಭಾಗದ ಕಡೆ ಸರಿಯುವಾಗ, ಹಗುರಾದ ದೋಣಿ ಅದರ ಕೆಳಗಿನಿಂದ ಮುಂದಕ್ಕೆ ನುಗ್ಗುತ್ತದೆ. ದೋಣಿಯ ವೇಗ ತುತ್ತತುದಿ ಮುಟ್ಟುವುದು ಹುಟ್ಟುಗಳು ಗಾಳಿಯಲ್ಲಿರುವಾಗಲೇ! ಆತುರಪಟ್ಟು ಧಡಕ್ಕನೆ ಜಾರಿ ಕೊನೆಯಲ್ಲಿ ಕಾಲಿನಿಂದ ಒದ್ದವರ ದೋಣಿ ಮುಗ್ಗರಿಸುತ್ತದೆ. ಮೂತಿ ಜರ್ಕ್ ಹೊಡೆಯುವುದು ದಡದಿಂದಲೂ ಕಾಣುತ್ತದೆ. ಒಳ್ಳೆಯ ರೋವರ್ ಎಳೆಯುವುದು ರಭಸದಿಂದ, ಮರಳುವುದು ಸಾವಧಾನವಾಗಿ. ಅಲಗುಗಳೆರಡೂ ನೀರನ್ನು ಸವರದೆ ಒಂದೇ ಎತ್ತರದಲ್ಲಿ ಬರುತ್ತಿದ್ದರೆ ದೋಣಿ ಸಮತೋಲದಲ್ಲಿದೆ ಎಂದು ತಿಳಿಯಬಹುದು.

ಹುಟ್ಟು ಎದ್ದಲ್ಲಿ ನೀರಿನ ಮೇಲೆ ಉಳಿಯುವ ಸುಳಿಗಳನ್ನೂ ನೋಡಬೇಕು. ರೇಸಿನ ನಡುಭಾಗದಲ್ಲಿ ನಿಮಿಷಕ್ಕೆ 34ರಿಂದ 38 ಸಲ ಹುಟ್ಟು ಹಾಕುತ್ತಾರೆ. ಪ್ರತಿ ಸಲಕ್ಕೂ ದೋಣಿ ಸಾಗುವ ದೂರ ಎಂಟು ಮೀಟರ್ ಆಸುಪಾಸು. ದಣಿದಂತೆಲ್ಲ ಆ ಸುಳಿಗಳ ನಡುವಿನ ಅಂತರ ಕುಗ್ಗುತ್ತದೆ. ಲೆಕ್ಕದ ಫಲಕಕ್ಕಿಂತ ಮೊದಲು ಸೋಲಿನ ಸುಳಿವು ಕೊಡುವುದು ಇದೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ಬಹುದೂರ ಮುಂದಿದ್ದ ಪಶ್ಚಿಮ ಜರ್ಮನಿಯ ಪೀಟರ್ ಮೈಕೆಲ್ ಕೋಲ್ಬೆಯನ್ನು ಕೊನೆಯ ಹಂತದಲ್ಲಿ ಹಿಂದಿಕ್ಕಿದವರು ಫಿನ್ಲೆಂಡ್‌ನ ಪೆರ್ಟಿ ಕಾರ್ಪಿನೆನ್. ಅವರು 1980 ಮತ್ತು 1984ರಲ್ಲೂ ಚಿನ್ನ ಗೆದ್ದರು. 1984ರಲ್ಲಿ ಎರಡನೆಯವರಾದದ್ದು ಮತ್ತದೇ ಕೋಲ್ಬೆ. ಆ ಎರಡು ರೇಸ್‌ಗಳ ವಿಡಿಯೊ ಸಿಕ್ಕಿದರೆ ಬಿಡಬಾರದು.

ಭಾರತದ ರೋವರ್‌ಗಳನ್ನು ಹಿಂಬಾಲಿಸುವವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ ಪದಕದ ಎ ಫೈನಲ್ ಅಲ್ಲದೆ ಬಿ, ಸಿ ಎಂದು ಸ್ಥಾನ ನಿರ್ಧರಿಸುವ ಫೈನಲ್‌ಗಳೂ ಇರುತ್ತವೆ. ಒಂದೊಂದರಲ್ಲೂ ಆರು ದೋಣಿ. ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯಿಂದ ಬಂದು, ಸೇನೆ ಸೇರಿದ ಮೇಲಷ್ಟೇ ಹುಟ್ಟು ಹಿಡಿದ ದತ್ತು ಬಬನ್ ಭೋಕನಳ್ ರಿಯೊದಲ್ಲಿ ಸಿ ಫೈನಲ್ ಗೆದ್ದು 13ನೆಯವರಾದರು. ಎರಡು ವರ್ಷದ ನಂತರ, 2018ರ ಏಷ್ಯನ್ ಕ್ರೀಡಾಕೂಟದಲ್ಲಿ, ನಾಲ್ವರು ಕೂರುವ ಸ್ಕಲ್ಸ್ ದೋಣಿಯಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರೂ ಒಬ್ಬರು.