ಎಂಟು ಬರಬೇಕಾದಲ್ಲಿ ‘ಟಿ’

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರ ಮೈಕ್ರೊಪ್ರೊಸೆಸರ್ ಲ್ಯಾಬು. ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿ ಐದಕ್ಕೆ ಮೂರು ಕೂಡಿಸುವ 8086 ಪ್ರೋಗ್ರಾಂ ಬರೆದು ನನ್ನನ್ನು ಕರೆದಳು: ‘ಎಂಟು ಬರ್ಬೇಕ್ರಿ ಸರ್, ಟಿ ಬರ್ಲಕತ್ತದ ನೋಡ್ರಿ.’

ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಮೊತ್ತ ಪ್ರೊಸೆಸರಿನ ಎಎಲ್ ರಿಜಿಸ್ಟರಿನಲ್ಲಿತ್ತು. ಅದನ್ನು ತೋರಿಸುವ ಮುನ್ನ ಒಂದು ಸಾಲಿನ ಸಂದೇಶ ಮೂಡಿಸಲು ಡಾಸ್‌ನ ಇಂಟ್ 21ಎಚ್, 9ನೇ ಸೇವೆಯನ್ನು ಕರೆದಿದ್ದಳು. ಅದು ಡಾಲರ್ ಚಿಹ್ನೆ ಕಂಡಲ್ಲಿ ನಿಲ್ಲುತ್ತದೆ. ನಿಲ್ಲುವಾಗ ಆ ಚಿಹ್ನೆಯ ಸಂಕೇತವಾದ ಹೆಕ್ಸ್ 24 ಅನ್ನು ಎಎಲ್‌ನಲ್ಲೇ ಬಿಟ್ಟುಹೋಗುತ್ತದೆ. ಎಂಟು ಅಲ್ಲೇ ಅಳಿಸಿಹೋಯಿತು. ಅಂಕಿಯಾಗಿ ಕಾಣಲೆಂದು ಆಕೆ ಸೇರಿಸಿದ ಹೆಕ್ಸ್ 30 ಕೂಡಿ ಹೆಕ್ಸ್ 54 ಆಯಿತು. 54 ಎಂದರೆ ‘ಟಿ’.

ಇದು ಆಕೆಯ ತಪ್ಪಲ್ಲ. ಡಾಸ್‌ನ ಅಧಿಕೃತ ವಿವರಣೆಯೇ ಈ ಸೇವೆ ಏನನ್ನೂ ಹಿಂದಿರುಗಿಸುವುದಿಲ್ಲ ಎನ್ನುತ್ತದೆ. ನಾವು ಕಲಿಸುವ ರೀತಿಯೂ ಹಾಗೆಯೇ: 1 ಎಂದರೆ ಅಕ್ಷರ ಓದು, 2 ಎಂದರೆ ಬರೆ, 9 ಎಂದರೆ ಸಾಲು. ವೈವಾದಲ್ಲಿ ಮಗ್ಗಿಯಂತೆ ಒಪ್ಪಿಸುತ್ತಾರೆ, ಅಂಕ ಕೊಡುತ್ತೇವೆ. ಡಾಲರ್ ಚಿಹ್ನೆ ಡಾಸ್‌ಗೂ ಮುಂಚಿನ ಸಿಪಿ/ಎಂನಿಂದ ಬಂದ ಬಳುವಳಿ ಎಂದು ಕೂಡ ಹೇಳುವುದಿಲ್ಲ.

ಟಿಐ-83 ಪ್ಲಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ನಮ್ಮ ಮಕ್ಕಳ ಕೈಯಲ್ಲಿ ಕಾಣುವುದು ಅಪರೂಪ. ಆದರೆ ಕರೆದ ಸೇವೆ ಏನನ್ನು ಕೆಡಿಸುತ್ತದೆ ಎಂದು ಹೇಳುವ ವಿಷಯದಲ್ಲಿ ಅದು ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಅದರ ಜೆಡ್80 ಪ್ರೊಸೆಸರಿಗೆ ಒಮ್ಮೆಗೆ ಕಾಣುವುದು 64 ಕೆಬಿ ಮಾತ್ರ. ವ್ಯವಸ್ಥೆಯ ರೊಟೀನುಗಳು ಫ್ಲ್ಯಾಷ್ ಮೆಮೊರಿಯ 16 ಕೆಬಿ ಪುಟಗಳಲ್ಲಿ ಹಂಚಿಹೋಗಿವೆ. ಅವುಗಳನ್ನು ಕರೆಯುವ ‘ಬಿ-ಕಾಲ್’ ಎಂದರೆ ಆರ್‌ಎಸ್‌ಟಿ 28ಎಚ್ ಆದೇಶ, ಅದರ ಬೆನ್ನಿಗೆ ರೊಟೀನಿನ ಗುರುತಾಗಿ ಎರಡು ಬೈಟು. ಅದು ಬೇಕಾದ ಪುಟವನ್ನು ಎದುರಿಗೆ ತಂದು, ಕೆಲಸ ಮುಗಿಸಿ, ಹಳೆಯ ಪುಟವನ್ನು ಮತ್ತೆ ಇಡುತ್ತದೆ. ಇದರಿಂದ ವೇಗ ತಗ್ಗುತ್ತದೆ, ಆಟ ಬರೆಯುವವರು ಗೊಣಗುವುದು ನ್ಯಾಯವೇ. ಆದರೆ ಕ್ಯಾಲ್ಕುಲೇಟರ್ ತಯಾರಿಸಿದ ಕಂಪನಿಯ ಕೈಪಿಡಿಯಲ್ಲಿ ಪ್ರತಿ ರೊಟೀನಿಗೂ ಏನು ಕೊಡಬೇಕು, ಏನು ಸಿಗುತ್ತದೆ ಎಂಬುದರ ಜೊತೆಗೆ ಯಾವ ರಿಜಿಸ್ಟರುಗಳು ಕೆಡುತ್ತವೆ ಎಂಬ ಸಾಲೂ ಇದೆ. ಸಾಲು ಮೂಡಿಸುವ ‘ಪುಟ್ಎಸ್’ಗೆ ಕೊಡುವ ಪಠ್ಯ ರ‍್ಯಾಮ್‌ನಲ್ಲೇ ಇರಬೇಕು ಎಂಬ ಷರತ್ತೂ ಇದೆ. ಪುಟ ಬದಲಾದಾಗ ಫ್ಲ್ಯಾಷ್‌ನಲ್ಲಿರುವ ನಿಮ್ಮ ಪಠ್ಯ ಕಣ್ಮರೆಯಾಗುತ್ತದಲ್ಲ!

ಕರೆಯುವವರು ಮೊದಲು ಕೇಳಬೇಕಾದದ್ದು ಇದನ್ನೇ: ನೀನು ಹಿಂತಿರುಗಿದಾಗ ನನ್ನದು ಏನು ಉಳಿದಿರುತ್ತದೆ?

ಹುಡುಗಿ ಮೊತ್ತವನ್ನು ಬಿಎಲ್ ರಿಜಿಸ್ಟರಿಗೆ ಎತ್ತಿಟ್ಟು ಮತ್ತೆ ಓಡಿಸಿದಳು. ಎಂಟು ಬಂತು. ರೆಕಾರ್ಡ್ ಪುಸ್ತಕದಲ್ಲಿ 9ರ ಎದುರು ಹೊಸ ಗೆರೆ ಎಳೆದು ಬರೆದುಕೊಂಡಳು: ‘ಎಎಲ್ ಕೆಡ್ತದ.’