ದೊಡ್ಡ ಟೇಬಲ್ ಮುಟ್ಟುವ ಮುನ್ನ

2018ರ ನವೆಂಬರ್ 8ರಂದು ಅಮೆರಿಕದ ಬೇಸ್‌ಕ್ಯಾಂಪ್ ಸೇವೆ ಸುಮಾರು ಐದು ಗಂಟೆ ಓದುವುದಕ್ಕೆ ಮಾತ್ರ ಸಿಕ್ಕಿತು, ಬರೆಯುವುದಕ್ಕಿಲ್ಲ. ಯಾರೂ ದಾಳಿ ಮಾಡಿರಲಿಲ್ಲ, ಡಿಸ್ಕೂ ಕೆಟ್ಟಿರಲಿಲ್ಲ. ಬಳಕೆದಾರರ ಚಟುವಟಿಕೆಗಳನ್ನೆಲ್ಲ ದಾಖಲಿಸುವ ಟೇಬಲ್ಲಿನ ಐಡಿ 214,74,83,647 ಮುಟ್ಟಿತ್ತು. 32 ಬಿಟ್ ಪೂರ್ಣಾಂಕದಲ್ಲಿ ಅದರಾಚೆ ಜಾಗವಿಲ್ಲ. ತಮಾಷೆಯೆಂದರೆ, ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್ ಹುಟ್ಟಿದ್ದು ಬೇಸ್‌ಕ್ಯಾಂಪ್ ನಡೆಸುವ ಇದೇ ಕಂಪನಿಯಲ್ಲಿ. ಹೊಸ ಟೇಬಲ್‌ಗಳ ಐಡಿ 64 ಬಿಟ್ ಇರಲಿ ಎಂದು ರೈಲ್ಸ್ 5.1 ಹಿಂದಿನ ವರ್ಷವೇ ಹೇಳಿತ್ತು. ಹಳೆಯ ಟೇಬಲ್ಲಿಗೆ ಕೈ ಹಾಕುವವರು ಯಾರು?

ಕಾಲಂ ಹಿಗ್ಗಿಸುವ ಆದೇಶ ಒಂದೇ ಸಾಲಿನದು. ಆದರೆ ಅದನ್ನು ಪಾಲಿಸಲು ಡೇಟಾಬೇಸ್ ಇಡೀ ಟೇಬಲ್ಲನ್ನೇ ಹೊಸದಾಗಿ ಬರೆಯಬೇಕು. ಮೈಎಸ್‌ಕ್ಯುಎಲ್ 8.0.12, ಪೋಸ್ಟ್‌ಗ್ರೆಸ್ 11 ಬಂದ ಮೇಲೆ ಹೊಸ ಕಾಲಂ ಸೇರಿಸುವುದು ಬಹುಪಾಲು ಕ್ಷಣದ ಕೆಲಸ. ಇರುವ ಕಾಲಂನ ಬಗೆ ಬದಲಿಸುವುದಕ್ಕೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ.

ಈ ಕಸುಬಿನಲ್ಲಿ ನನಗೆ ಅತಿ ಇಷ್ಟವಾದ ಉಪಕರಣ ಗಿಟ್‌ಹಬ್‌ನವರು 2016ರಲ್ಲಿ ಬಿಟ್ಟುಕೊಟ್ಟ ಘೋಸ್ಟ್. ಹೊಸ ರಚನೆಯ ಖಾಲಿ ಟೇಬಲ್ ಕಟ್ಟಿ, ಹಳೆಯದರ ಸಾಲುಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಅದಕ್ಕೆ ಸಾಗಿಸುತ್ತದೆ. ನಡುವೆ ಆದ ಬದಲಾವಣೆಗಳನ್ನು ಬೈನರಿ ಲಾಗ್ ಓದಿ ಸರಿದೂಗಿಸುತ್ತದೆ. ಕೊನೆಗೆ ಹೆಸರುಗಳ ಅದಲುಬದಲು. ಹಿಂದಿನ ಉಪಕರಣಗಳು ಇದಕ್ಕೆ ಟ್ರಿಗರ್ ಹಚ್ಚುತ್ತಿದ್ದವು. ಸಾಗಾಟ ನಿಲ್ಲಿಸಿದರೂ ಪ್ರತಿ ಬರವಣಿಗೆಗೂ ಇಮ್ಮಡಿ ದುಡಿತ ತಪ್ಪುತ್ತಿರಲಿಲ್ಲ. ಘೋಸ್ಟ್ ಹಾಗಲ್ಲ. ರೆಪ್ಲಿಕಾ ಹಿಂದೆ ಬಿದ್ದರೆ ಕೈಕಟ್ಟಿ ಕೂರುತ್ತದೆ, ನಿಜವಾಗಿಯೂ ಕೂರುತ್ತದೆ. ವೇಗದ ಬಗ್ಗೆ ಕೊಚ್ಚಿಕೊಳ್ಳುವ ಉಪಕರಣಗಳಿಗಿಂತ ನನಗೆ ಈ ಗುಣವೇ ದೊಡ್ಡದು.

ಆದರೂ ಹೆಚ್ಚಿನ ಅನಾಹುತ ಆಗುವುದು ಸಾಗಾಟದಲ್ಲಲ್ಲ, ಕ್ಷಣದ ಕೆಲಸ ಎಂದುಕೊಂಡ ಆದೇಶದಲ್ಲಿ. ಯಾರದೋ ತಿಂಗಳ ವರದಿಯ ಕ್ವೆರಿ ಇಪ್ಪತ್ತು ನಿಮಿಷದಿಂದ ಟೇಬಲ್ ಓದುತ್ತಿದೆ ಎನ್ನಿ. ಪೂರ್ತಿ ಲಾಕ್ ಬೇಡುವ ನಮ್ಮ ಆದೇಶ ಅದರ ಹಿಂದೆ ಕಾಯುತ್ತದೆ. ನಮ್ಮ ಹಿಂದೆ ಬಂದ ಸಾಮಾನ್ಯ ಓದುಗಳೂ ಸಾಲುಗಟ್ಟುತ್ತವೆ. ಅವಕ್ಕೂ ವರದಿಗೂ ಜಗಳವೇ ಇಲ್ಲ, ನಡುವೆ ನಿಂತವರು ನಾವು. ನಿಮಿಷದೊಳಗೆ ಕನೆಕ್ಷನ್‌ಗಳೆಲ್ಲ ತುಂಬಿ ಸೈಟ್ ಬಿದ್ದುಹೋಗುತ್ತದೆ. ಆದ್ದರಿಂದ ಪೋಸ್ಟ್‌ಗ್ರೆಸ್ಸಿನಲ್ಲಿ ಲಾಕ್ ಕಾಯುವ ಮಿತಿಯನ್ನು ಎರಡೋ ಮೂರೋ ಸೆಕೆಂಡಿಗೆ ಇಟ್ಟುಕೊಳ್ಳಿ. ಸಿಗದಿದ್ದರೆ ಆದೇಶ ತಾನಾಗಿ ರದ್ದಾಗಲಿ. ವರದಿಯವರು ಊಟಕ್ಕೆ ಎದ್ದ ಮೇಲೆ ಮತ್ತೆ ಕೊಟ್ಟರಾಯಿತು.